‘ಯಾವುದು ಹೆಚ್ಚೋ ಅದು’: ನಿವೃತ್ತ ಹತ್ತು ರೂಪಾಯಿ ಮಾತಿಗೆ ಸಿಕ್ಕಾಗ

ಹೆರಿಗೆ ಸೌಲಭ್ಯ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ಮೂರೂವರೆ ದಶಕ ಕೂತಿದ್ದ ಹತ್ತು ರೂಪಾಯಿ, 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಾಗ ಸೇವೆಯಿಂದ ನಿವೃತ್ತವಾಯಿತು. ಬೀಳ್ಕೊಡುಗೆ ಇಲ್ಲ, ಶಾಲು-ಹಾರವಿಲ್ಲ. ಈಗ ನಡುವಿಗೆ ಸೆಲ್ಲೋಟೇಪ್ ಸುತ್ತಿಕೊಂಡು, ಮೆಜೆಸ್ಟಿಕ್ಕಿನ ಒಬ್ಬ ಕಂಡಕ್ಟರ್ ಚೀಲದಲ್ಲಿ ವಾಸ. ಎರಡು ಟ್ರಿಪ್ಪಿನ ನಡುವೆ ಮಾತಿಗೆ ಸಿಕ್ಕಿತು.

ಕಾನೂನಿನಲ್ಲಿ ನಿಮ್ಮ ಕೆಲಸ ಏನಿತ್ತು?

ಕಾವಲು. ಹೆರಿಗೆ ರಜೆ ಮೇಲೆ ಹೋಗೋ ಹೆಣ್ಣುಮಗಳಿಗೆ ದಿನಕ್ಕೆ ಎಷ್ಟು ಕೊಡಬೇಕು ಅನ್ನೋ ಲೆಕ್ಕಕ್ಕೆ ಮೂವರನ್ನು ನಿಲ್ಲಿಸಿದ್ದರು. ರಜೆಗೆ ಹಿಂದಿನ ಮೂರು ತಿಂಗಳಲ್ಲಿ ಅವಳು ದುಡಿದ ದಿನಗಳ ಸರಾಸರಿ ವೇತನ ಒಂದು, ಸರ್ಕಾರದ ಕನಿಷ್ಠ ವೇತನ ಇನ್ನೊಂದು, ನಾನು ಮತ್ತೊಬ್ಬ. ಯಾವುದು ಹೆಚ್ಚೋ ಅದು. ಓಟದಲ್ಲಿ ಮೂವರೇ ಇದ್ದದ್ದರಿಂದ ನನಗೆ ಕಂಚಿನ ಪದಕವಂತೂ ತಪ್ಪಲಿಲ್ಲ.

ಅಷ್ಟು ವರ್ಷ ನಿಮ್ಮನ್ನು ಯಾರೂ ಬದಲಿಸಲಿಲ್ಲವೇ?

1961ರಲ್ಲಿ ಆ ಜಾಗದಲ್ಲಿ ಒಂದು ರೂಪಾಯಿ ಕೂತಿತ್ತು. ನನಗೆ ಬಡ್ತಿ ಸಿಕ್ಕಿದ್ದು 1988ರ ತಿದ್ದುಪಡಿಯಲ್ಲಿ. ಆಮೇಲೆ 2017ರಲ್ಲಿ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು, ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ಪಕ್ಕದ ಸಾಲಲ್ಲೇ ಇದ್ದ ನನ್ನನ್ನು ಯಾರೂ ತಿರುಗಿ ನೋಡಲಿಲ್ಲ. ಅರ್ಧ ಕಾಫಿಗೂ ಸಾಲದವನನ್ನು ಬಾಣಂತಿಯ ಕಾವಲಿಗೆ ಬಿಟ್ಟು ಹೋದರು.

ಲೆಕ್ಕ ಸುಲಭವಾಗಿಯೇ ಇದೆಯಲ್ಲ. ಗಲಾಟೆ ಯಾತಕ್ಕೆ?

ಸುಲಭವಾದ ಲೆಕ್ಕದಲ್ಲೇ ಕೈಚಳಕ ಜಾಸ್ತಿ. ಒಬ್ಬಳ ಸಂಬಳ 26,000 ಅಂತಿಟ್ಟುಕೊಳ್ಳಿ. ಮೂರು ತಿಂಗಳಿಗೆ 78,000. ಭಾನುವಾರ ಬಿಟ್ಟು ದುಡಿದದ್ದು 78 ದಿನ. ಕಾಯ್ದೆ ಹೇಳೋದು ದುಡಿದ ದಿನಗಳ ಸರಾಸರಿ. ಅಂದರೆ ದಿನಕ್ಕೆ 1,000. 26 ವಾರ ಅಂದರೆ 182 ದಿನ, 1,82,000 ಆಯಿತು. ಅಕೌಂಟ್ಸ್ ವಿಭಾಗದವರು ಕನ್ನಡಕ ಸರಿಮಾಡಿಕೊಂಡು, “ತಿಂಗಳ ಸಂಬಳ ಅಂದಮೇಲೆ ಭಾನುವಾರವೂ ಅದರಲ್ಲೇ ಸೇರಿದೆಯಲ್ಲ” ಅಂತ 90ರಿಂದ ಭಾಗಿಸುತ್ತಾರೆ. ದಿನಕ್ಕೆ 866 ಚಿಲ್ಲರೆ, ಒಟ್ಟು 1,57,733.

ಅದರಲ್ಲೂ ಒಂದು ನ್ಯಾಯ ಇದೆ ಅನ್ನಿಸುತ್ತದೆ.

ಇರಲಿ, ಅಲ್ಲಿಗೆ ನಿಲ್ಲಿಸಿದರೆ ನಾನೂ ತಕರಾರು ಮಾಡೋಲ್ಲ. ಆದರೆ ಕೆಲವು ಕಡೆ ಗುಣಿಸೋ ಹೊತ್ತಿಗೆ, “ಭಾನುವಾರ ಹೇಗೂ ರಜೆ ತಾನೇ” ಅಂತ 26 ಭಾನುವಾರಗಳನ್ನು ಎತ್ತಿಹಾಕುತ್ತಾರೆ. 156 ದಿನಕ್ಕೆ 1,35,200. ಭಾಗಿಸುವಾಗ ಭಾನುವಾರ ಬೇಕು, ಗುಣಿಸುವಾಗ ಬೇಡ! ಅದೇ ಭಾನುವಾರ ಸ್ವಾಮಿ, ಗೋಡೆ ಮೇಲಿನ ಅದೇ ಕ್ಯಾಲೆಂಡರಿನ ಅದೇ ಕೆಂಪಕ್ಷರ. ಒಟ್ಟು 46,800 ರೂಪಾಯಿ ಮಾಯ. ನನ್ನಂಥವರು 4,680 ಮಂದಿ.

ಕೇಳುವವರಿಲ್ಲವೇ?

ಕೇಳಿದ್ದಾಳೆ ಒಬ್ಬಳು. ತಮಿಳುನಾಡಿನ ಎಸ್ಟೇಟೊಂದರ ಕೂಲಿ ಹೆಂಗಸು. 1967ರ ಡಿಸೆಂಬರಿನಲ್ಲಿ ರಜೆ ಮೇಲೆ ಹೋದಳು. 12 ವಾರಕ್ಕೆ 84 ದಿನ; ಮಾಲೀಕರು ಕೊಟ್ಟದ್ದು 72 ದಿನದ ದುಡ್ಡು. ಭಾನುವಾರ ಕೂಲಿಯಿಲ್ಲದ ರಜೆ ಅಂತ ಹನ್ನೆರಡನ್ನೂ ಹಿಡಿದಿಟ್ಟುಕೊಂಡರು. ಆಗ ಒಂದು ರೂಪಾಯಿಯ ಕಾಲ, ನಾನಿನ್ನೂ ಡ್ಯೂಟಿಗೆ ಸೇರಿರಲಿಲ್ಲ. ಕಾರ್ಮಿಕ ನ್ಯಾಯಾಲಯದಿಂದ ಹೊರಟ ಆ ಹನ್ನೆರಡು ಭಾನುವಾರ ಸುಪ್ರೀಂ ಕೋರ್ಟಿನವರೆಗೂ ಹೋದವು. ವಾರ ಅಂದರೆ ಏಳು ದಿನ, ಭಾನುವಾರವೂ ಸೇರಿ ಅಂತ 1977ರಲ್ಲಿ ತೀರ್ಪಾಯಿತು. ಅಷ್ಟು ಹೊತ್ತಿಗೆ ಆ ಮಗು ಸ್ಕೂಲಿನಲ್ಲಿ ವಾರದ ಹೆಸರುಗಳನ್ನು ಬಾಯಿಪಾಠ ಮಾಡಿ ಮುಗಿಸಿರಬೇಕು.

ಭಾಗಾಕಾರ ಬಿಡಿ. ಸಂಬಳ ಅಂದರೆ ಯಾವುದು ಅನ್ನುವುದರಲ್ಲಾದರೂ ಒಮ್ಮತ ಇತ್ತೇ?

ಹಳೆ ಕಾಯ್ದೆಯಲ್ಲಿ ಡಿಎ, ಮನೆ ಬಾಡಿಗೆ ಭತ್ಯೆ ಎರಡನ್ನೂ ಹೆಸರು ಹಿಡಿದು ಒಳಗೆ ಕರೆದಿದ್ದರು. ಓಟಿಯನ್ನೂ ಮಾಲೀಕರು ಕಟ್ಟೋ ಪಿಎಫ್ಫನ್ನೂ ಹೊರಗೆ ನಿಲ್ಲಿಸಿದ್ದರು. ಹೊಸ ಸಂಹಿತೆಯ ವ್ಯಾಖ್ಯೆಯಲ್ಲಿ ಮನೆ ಬಾಡಿಗೆ ಭತ್ಯೆಯೂ ಹೊರಗಿನವರ ಸಾಲಿಗೆ ಹೋಗಿದೆ. ಆದರೆ ಹೊರಗಿನವರೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನ ಅಂತಲೇ ಎಣಿಸಬೇಕು. ಬೇಸಿಕ್ಕನ್ನು ಹಪ್ಪಳದಷ್ಟು ತೆಳ್ಳಗೆ ಲಟ್ಟಿಸಿ ಮೇಲೆ ಹತ್ತಾರು ಅಲೋಯನ್ಸ್ ಉದುರಿಸುತ್ತಿದ್ದ ಪೇಸ್ಲಿಪ್‌ಗಳಿಗೆ ಈಗ ಸ್ವಲ್ಪ ಬೆವರು.

ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಪಾಡು?

ಸಂಬಳ 21,000 ದಾಟದವರು ಇಎಸ್ಐ ವ್ಯಾಪ್ತಿಯಲ್ಲಿದ್ದರೆ ದುಡ್ಡು ನಿಗಮದಿಂದ ಬರುತ್ತೆ, ಮಾಲೀಕರ ಕ್ಯಾಲ್ಕುಲೇಟರಿಗೆ ಅಲ್ಲಿ ಕೆಲಸವಿಲ್ಲ. ಅದರ ಮೇಲಿನವರದ್ದೇ ಕಥೆ. 26 ವಾರದ ಪೂರ್ತಿ ದುಡ್ಡು ಒಬ್ಬ ಮಾಲೀಕರ ಜೇಬಿನಿಂದ ಹೋಗಬೇಕು. ಸರ್ಕಾರ ಕಾನೂನು ಮಾಡಿ ಕೈ ತೊಳೆದುಕೊಂಡಿತು. ಹತ್ತು ಜನರ ಸಣ್ಣ ಕಂಪನಿಗೆ ಅದು ಹೊರೆಯೇ, ಇಲ್ಲ ಅನ್ನೋಲ್ಲ. ಅದಕ್ಕೇ ಕೆಲಸಕ್ಕೆ ಸೇರಿಸಿಕೊಳ್ಳುವಾಗ, “ಮದುವೆ ಯಾವಾಗಮ್ಮಾ?” ಅಂತ ಕೇಳೋದು. ಕುಶಲೋಪರಿ ಅಂದುಕೊಂಡಿರಾ? ಅದು ಬಜೆಟ್.

ಆದರೂ ಆಫೀಸುಗಳಲ್ಲಿ ಸೀಮಂತ ಜೋರಾಗಿಯೇ ಮಾಡುತ್ತಾರೆ.

ಮಾಡ್ತಾರೆ, ಮಾಡ್ತಾರೆ. ಎಚ್ಆರ್ ಮೇಡಂ ಹಸಿರು ಬಳೆ ತೊಡಿಸ್ತಾರೆ, ಕೇಕ್ ಕತ್ತರಿಸ್ತಾರೆ, ಎಲ್ಲರ ಫೋನಿಗೂ ಫೋಟೋ. ಸಂಜೆ ಅದೇ ಮೇಡಂ ಹಾಜರಿ ತೆಗೆದು, ಹೆರಿಗೆ ದಿನಾಂಕಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ತುಂಬಿದೆಯೋ ಇಲ್ಲವೋ ಅಂತ ಬೆರಳು ಮಡಿಸಿ ಎಣಿಸ್ತಾರೆ. ತುಂಬಿದ್ದರೆ, ಹೆರಿಗೆಗೆ ಮುಂಚಿನ ಪಾಲನ್ನು ಮುಂಗಡವಾಗಿ ಕೊಡಬೇಕು, ಉಳಿದದ್ದನ್ನು ಹೆರಿಗೆಯಾದ ದಾಖಲೆ ಕೊಟ್ಟ 48 ಗಂಟೆಯೊಳಗೆ. ಹಾಗಂತ ಕಾನೂನು. “ಫೈಲ್ ಹೆಡ್ ಆಫೀಸಿಗೆ ಹೋಗಿದೆ ಮೇಡಂ” ಅನ್ನೋದು ವಾಡಿಕೆ. ಹಸುಗೂಸನ್ನು ತೊಡೆ ಮೇಲೆ ಮಲಗಿಸಿಕೊಂಡು 78 ಸರಿಯೋ 90 ಸರಿಯೋ ಅಂತ ಜಗಳಕ್ಕೆ ಯಾವ ಬಾಣಂತಿ ಬರ್ತಾಳೆ? ಆ ಧೈರ್ಯದ ಮೇಲೇ ಇವರ ಗಣಿತ ನಡೆಯೋದು.

ನಿಮ್ಮ ಜಾಗಕ್ಕೆ ಈಗ ಯಾರು ಬಂದಿದ್ದಾರೆ?

ಯಾರೂ ಇಲ್ಲ. ಸರಾಸರಿಗೆ ಕಾವಲಾಗಿ ಕನಿಷ್ಠ ವೇತನವೊಂದನ್ನೇ ಉಳಿಸಿಕೊಂಡಿದ್ದಾರೆ. ಒಳ್ಳೆಯದೇ ಬಿಡಿ, ಬೆಲೆ ಏರಿದ ಹಾಗೆ ಅದೂ ಆಗಾಗ ಏಳುತ್ತೆ. ನಾನು ಹುಟ್ಟಾ ಹತ್ತು.

ಹಳೆಯ ಸಹೋದ್ಯೋಗಿಗಳಿಗೆ ಏನಾದರೂ ಹೇಳಿ ಕಳಿಸುವುದಿದೆಯೇ?

ವೈದ್ಯಕೀಯ ಬೋನಸ್ ಅಂತ ಒಬ್ಬ ಇದ್ದಾನೆ. ಮಾಲೀಕರು ತಮ್ಮ ಖರ್ಚಿನಲ್ಲಿ ವೈದ್ಯೋಪಚಾರ ಒದಗಿಸದಿದ್ದರೆ ಬಾಣಂತಿಯ ಕೈಗೆ ಕೊಡಬೇಕಾದವನು. 2011ರಲ್ಲಿ 3,500 ಆದ. ಸಂಹಿತೆ ಬಂದರೂ 3,500 ಆಗಿಯೇ ಒಳಗೆ ಬಂದು ಕೂತಿದ್ದಾನೆ, ಎದೆ ಉಬ್ಬಿಸಿಕೊಂಡು. ಈ ಕಂಡಕ್ಟರ್ ಚೀಲದಲ್ಲಿ ನನ್ನ ಪಕ್ಕ ಇನ್ನೂ ಜಾಗ ಇದೆ ಅಂತ ತಿಳಿಸಿಬಿಡಿ.