ಹತ್ತಕ್ಕೆ ಎಂಟು ಅಡಿ ದುಃಖ

2021ರ ಅಕ್ಟೋಬರ್ 29. ನಟ ಪುನೀತ್ ರಾಜ್‌ಕುಮಾರ್, ಎಲ್ಲರ ಅಪ್ಪು, ತೀರಿಹೋದ ಸಂಜೆ. ಬೆಂಗಳೂರಿನ ಒಂದು ಫ್ಲೆಕ್ಸ್ ಅಂಗಡಿ. ಒಳಗೆ ಬಂದ ಲೀಡರಣ್ಣನ ಕಣ್ಣು ಕೆಂಪಗಿತ್ತು. ಅತ್ತಿದ್ದಕ್ಕೇ ಇರಬೇಕು, ಊರ ಬಾರುಗಳೆಲ್ಲ ಬಾಗಿಲು ಹಾಕಿದ್ದವು.

“ಹತ್ತಕ್ಕೆ ಎಂಟು ಹಾಕಪ್ಪಾ. ಅಪ್ಪು ಫೋಟೋ ಮೂಲೇಲಿರಲಿ.”

“ನಡುವೆ ಯಾರಣ್ಣಾ?”

“ದುಃಖ ಪಡ್ತಿರೋದು ಯಾರು? ನಾನು ತಾನೆ!”

“ಈ ಫೋಟೋದಲ್ಲಿ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನಗ್ತಿದ್ದೀರಲ್ಲಣ್ಣಾ?”

“ಬರ್ತ್‌ಡೇ ಫೋಟೋ ಕಣೋ, ನಡೆಯುತ್ತೆ. ಕೆಳಗೆ ನಮ್ಮ ಹುಡುಗರ ಇಪ್ಪತ್ತೆರಡು ಮುಖ ಜೋಡಿಸು. ಒಂದು ಬಿಟ್ಟರೂ ಸಂಘ ಒಡೆದು ಹೋಗುತ್ತೆ.”

“‘ಮತ್ತೆ ಹುಟ್ಟಿ ಬನ್ನಿ’ ಅಂತ ಬರೀಲಾ?”

“ಬರಿ. ನನ್ನ ಫೋಟೋ ಕೆಳಗೆ ಮಾತ್ರ ಬೇಡ!”

“2006ರಲ್ಲಿ ಅಪ್ಪು ಅವರ ತಂದೆ ಅಣ್ಣಾವ್ರು ಹೋದಾಗ ಯಾವ ಸೈಜು ಹಾಕ್ಸಿದ್ರಿ?”

“ಆಗೆಲ್ಲಿತ್ತಪ್ಪಾ ದುಡ್ಡು? ಬಸ್ಸಿಗೆ ಕಲ್ಲು ಹೊಡೆದಿದ್ದೆ.”

“ಅಪ್ಪ, ಮಗ ಇಬ್ಬರೂ ಕಣ್ಣು ದಾನ ಮಾಡಿದ್ರಲ್ಲ. ನೀವೂ ಒಂದು ಫಾರಂ...”

“ಮೊದಲು ಪ್ರಿಂಟ್ ತೆಗಿಯೋ. ಕಂಠೀರವ ಸ್ಟೇಡಿಯಂ ಹತ್ರ ಟೀವಿಯೋರು ಬಂದಾಗಿದೆ.”

ಫ್ಲೆಕ್ಸಿನ ಬಣ್ಣ ಆರುವ ಹೊತ್ತಿಗೆ ಲೀಡರಣ್ಣನ ಅವಸರ ಇನ್ನೂ ಆರಿರಲಿಲ್ಲ. ಅತ್ತ, ಅಪ್ಪುವಿನ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು.