ಟೈಲರ್ ಅಂಗಡಿಯ ಉದ್ದ ಪುಸ್ತಕ: ಒಂದು ದ್ವಿಬಿಂದು ಮೀಮಾಂಸೆ

ಗಿರಾಕಿಗಳ ದಾಖಲೆ ಇಡುವುದು ಹೇಗೆಂಬ ಜಿಜ್ಞಾಸೆಯನ್ನು ಕರ್ನಾಟಕದ ಲೇಡೀಸ್ ಟೈಲರುಗಳು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಎಂದೋ ಬಗೆಹರಿಸಿದ್ದಾರೆ. ವಿದ್ವಲ್ಲೋಕ ಈ ಗ್ರಂಥವನ್ನು ಕಡೆಗಣಿಸಿದ್ದು ಪ್ರಾಯಶಃ ಅದರ ರಟ್ಟಿನ ಮೇಲಿನ ಮಿಷನ್ ಎಣ್ಣೆಯ ಕಲೆಯಿಂದ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ದ್ವಿಬಿಂದು ವರ್ಗೀಕರಣವನ್ನು ಪ್ರಕಟಿಸಿದ್ದು 1933ರಲ್ಲಿ. ಲೋಕದ ಯಾವ ವಿಷಯವನ್ನಾದರೂ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲವೆಂಬ ಐದು ಮುಖಗಳಲ್ಲಿ ಬಿಡಿಸಿಡಬಹುದೆಂದು ಅವರು ಮುಂದೆ ಸಾರಿದರು. 1962ರಲ್ಲಿ ಬೆಂಗಳೂರಿನಲ್ಲೇ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗೆ ಕೇಂದ್ರವೊಂದನ್ನು ಕಟ್ಟಿದರು. ಆ ಕೇಂದ್ರಕ್ಕೂ ಟೈಲರುಗಳಿಗೂ ನಂಟಿತ್ತೆನ್ನಲು ಪುರಾವೆಯಿಲ್ಲ. ಪುರಾವೆಯ ಕೊರತೆ ಇಂಥ ಪ್ರಬಂಧಗಳಿಗೆ ಎಂದೂ ಅಡ್ಡಿಯಾದದ್ದೂ ಇಲ್ಲ.

ಆ ಐದು ಮುಖಗಳನ್ನು ಟೈಲರ್ ಪುಸ್ತಕಕ್ಕೆ ಹಚ್ಚಿದರೆ, ಮೊದಲಿಗೆ ವ್ಯಕ್ತಿತ್ವ, ಅಂದರೆ ಗಿರಾಕಿ. ಹೆಸರು ಕೇಳಿ ಬರೆಯುವುದು ಅಶಾಸ್ತ್ರೀಯ; 'ಬ್ಯಾಂಕ್ ಮೇಡಂ', 'ಮೂಲೆಮನೆ ಆಂಟಿ', 'ಮದುವೆ ಹುಡುಗಿ ಚಿಕ್ಕಮ್ಮ' ಎಂಬ ನಮೂದುಗಳೇ ಪ್ರಮಾಣ. ದ್ರವ್ಯವನ್ನು ವರ್ಣಿಸುವ ಗೋಜೇ ಇಲ್ಲ: ಬಟ್ಟೆಯ ಮೂಲೆಯಿಂದ ಚೂರು ಕತ್ತರಿಸಿ ಪುಟಕ್ಕೆ ಪಿನ್ ಹೊಡೆದರಾಯಿತು. ಶಕ್ತಿಯಡಿ ಲೈನಿಂಗ್, ಪೈಪಿಂಗ್. ಪಕ್ಕದಲ್ಲಿ ಎದೆ, ಸೊಂಟ, ತೋಳಿನ ಅಂಕಿಗಳು, ಎಲ್ಲವೂ ಇಂಚಿನಲ್ಲಿ. ಮೆಟ್ರಿಕ್ ಪದ್ಧತಿಗೆ ದೇಶ ಕಾನೂನು ಮಾಡಿದ್ದು 1956ರಲ್ಲಿ. ಬಟ್ಟೆ ಮೀಟರಿಗೆ ಹೋಯಿತು, ಮೈ ಇಂಚಿನಲ್ಲೇ ಉಳಿಯಿತು. ಟೇಪಿನ ಸೆಂಟಿಮೀಟರ್ ಮಗ್ಗುಲಿಗೆ ಈ ಅಂಗಡಿಗಳಲ್ಲಿ ಇನ್ನೂ ಕೆಲಸ ಸಿಕ್ಕಿಲ್ಲ.

ಅಂಕಿಗಳನ್ನು ನಂಬದವರು ಅಳತೆ ರವಿಕೆ ತರುತ್ತಾರೆ. ಇದು ಗಿರಾಕಿಯೇ ಕಾಪಾಡಿಕೊಂಡು ಬಂದ ಮೂಲಪ್ರತಿ. ತೊಡಕೆಂದರೆ ರವಿಕೆ ಹಳೆಯದು, ಮೈ ಪರಿಷ್ಕೃತ ಆವೃತ್ತಿ. 'ಇದಕ್ಕಿಂತ ಸ್ವಲ್ಪ ಲೂಸ್' ಎಂಬ ಪಾಠಾಂತರ ಸೇರುವುದು ಆಗಲೇ. ಆ 'ಸ್ವಲ್ಪ' ಎಷ್ಟೆಂಬುದರ ಬಗ್ಗೆ ಭಾಷ್ಯಕಾರರಲ್ಲಿ ಒಮ್ಮತವಿಲ್ಲ.

ದೇಶವೆಂದರೆ ಬಟ್ಟೆ ಯಾವ ಗಂಟಿನಲ್ಲಿದೆ ಎಂಬುದು. ಅದು ಟೈಲರ್ ತಲೆಯಲ್ಲಷ್ಟೇ ದಾಖಲಾಗಿರುತ್ತದೆ. ಅವರು ಜಾತ್ರೆಗೆಂದು ಊರಿಗೆ ಹೊರಟರೆ ಇಡೀ ಗ್ರಂಥಾಲಯಕ್ಕೆ ಬೀಗ. ಇದು ಪದ್ಧತಿಯ ನಿಜವಾದ ದೋಷ.

ಇನ್ನು ಕಾಲ. ರಂಗನಾಥನ್ನರ 1931ರ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕೆನ್ನುತ್ತದೆ. ಟೈಲರ್ ಪರಂಪರೆ ಇದನ್ನು ಒಪ್ಪಿಲ್ಲ. ಚೀಟಿಯ ತಾರೀಖು ಗಿರಾಕಿ ಮೊದಲ ಸಲ ಬಂದು ವಾಪಸು ಹೋಗುವ ದಿನ. ಅಂದಿನ ಉತ್ತರವೂ ನಿಗದಿಯಾಗಿದೆ: 'ಬರೀ ಹುಕ್ಸ್ ಹಾಕೋದಿದೆ ಅಕ್ಕ, ಸಂಜೆ ಬನ್ನಿ.' ಯಾವ ಸಂಜೆಯೆಂದು ಪುಸ್ತಕದಲ್ಲಿಲ್ಲ.

ದೀಪಾವಳಿಗೆ ರವಿಕೆ ತೊಡಬೇಕೆನ್ನುವವರು ಗೌರಿ ಹಬ್ಬಕ್ಕೆ ಮೊದಲೇ ಬಟ್ಟೆ ಕೊಟ್ಟು, ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕಾಗಿ ವಿನಂತಿ.