ಹ್ಯಾವ್‌ಲಾಕ್ ಭಾವ

ಸಮುದ್ರ ಕಂಡ ಕೂಡಲೇ ಬೇರೆ ಸಮುದ್ರದ ಮಾತೆತ್ತುವ ಜನರಿದ್ದಾರೆ. ಮಲ್ಪೆಯಲ್ಲಿ ನಿಂತರೆ ಅವರಿಗೆ ಗೋವಾ ನೆನಪಾಗುತ್ತದೆ, ಗೋವಾದಲ್ಲಿ ನಿಂತರೆ ಬಾಲಿ, ಬಾಲಿಗೆ ಹೋದರೆ ಮಾಲ್ಡೀವ್ಸ್. ಎದುರಿಗಿರುವ ನೀರು ಸದಾ ಕೊಂಚ ಕಲಕು, ಮರಳು ಕೊಂಚ ಒರಟು, ಎಳನೀರು ಕೊಂಚ ದುಬಾರಿ. ಕಾಡಿನಲ್ಲೂ ಈ ಜಾತಿ ಉಂಟು: ನಾಗರಹೊಳೆಯಲ್ಲಿ ಆನೆ ಅಡ್ಡ ಬಂದು ಜೀಪು ನಿಂತಾಗ ಆಫ್ರಿಕಾದ ಆನೆಯ ಕಿವಿಯ ಅಗಲ ಹೇಳುವವರು. ಮದುವೆ ಪಂಕ್ತಿಯಲ್ಲಿ ಕೂತು ಹೋದ ವಾರ ಉಂಡ ಮದುವೆಯ ಹೋಳಿಗೆ ವರ್ಣಿಸುವವರೂ ಇವರ ದಾಯಾದಿಗಳೇ. ಆದರೆ ಈ ತಳಿ ಪೂರ್ತಿ ಅರಳುವುದು ಉಪ್ಪುನೀರಿನ ಪಕ್ಕದಲ್ಲೇ ಎಂಬುದು ನನ್ನ ಅಭಿಪ್ರಾಯ. ಅಭಿಪ್ರಾಯಕ್ಕೆ ಆಧಾರ ಒಬ್ಬರೇ. ಅವರು ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು. ಎದುರಿಗೆ ಕರೆಯುವುದು ಭಾವ ಎಂದು. ಬೆನ್ನ ಹಿಂದೆ ಮನೆಮಂದಿಯೆಲ್ಲ ಹೇಳುವುದು ಹ್ಯಾವ್‌ಲಾಕ್ ಭಾವ.

ಈ ಹೆಸರನ್ನು ಅವರ ಕಿವಿಗೆ ಬೀಳಿಸುವಂತಿಲ್ಲ. ಸಿಟ್ಟಾಗುತ್ತಾರೆ ಎಂದಲ್ಲ. ಅಂಡಮಾನಿನ ಆ ದ್ವೀಪಕ್ಕೆ 2018ರಲ್ಲೇ ಸ್ವರಾಜ್ ದ್ವೀಪ ಎಂದು ಹೆಸರಿಟ್ಟದ್ದನ್ನು ಹೇಳಲು ಶುರುಮಾಡುತ್ತಾರೆ. ಆಮೇಲೆ ನೀಲ್ ದ್ವೀಪ ಶಹೀದ್ ದ್ವೀಪವಾದದ್ದು, ರಾಸ್ ದ್ವೀಪಕ್ಕೆ ನೇತಾಜಿಯವರ ಹೆಸರು ಬಂದದ್ದು, ಎಲ್ಲ ಕೇಳಿಯೇ ಏಳಬೇಕು.

ಭಾವ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು. ಸಮುದ್ರದ ಲೆಕ್ಕದಲ್ಲಿ ಅವರ ಖಾತೆಯಲ್ಲಿರುವುದು ಒಂದು ಅಂಡಮಾನ್, ಒಂದು ಫುಕೆಟ್. ಅಷ್ಟು ಸಣ್ಣ ಬಂಡವಾಳದಲ್ಲಿ ಇಷ್ಟು ವರ್ಷ ವ್ಯಾಪಾರ ನಡೆಸಿದವರನ್ನು ನಾನು ಬೇರೆ ಕಂಡಿಲ್ಲ. ಮನೆಯಲ್ಲಿ ಯಾರಾದರೂ ಮೀನಿನ ತೊಟ್ಟಿ ತಂದರೆ ಸಾಕು, ಎಲಿಫೆಂಟ್ ಬೀಚಿನ ಹವಳ ಹೊರಬರುತ್ತದೆ. ಟೀವಿಯಲ್ಲಿ ಡಿಕಾಪ್ರಿಯೊ ಕಾಣಿಸಿದರೆ ಅವನ ಸಿನಿಮಾ ತೆಗೆದ ಥಾಯ್ಲೆಂಡಿನ ಮಾಯಾ ಬೇ: ಜನರ ದಟ್ಟಣೆಗೆ ಹವಳ ಸತ್ತು 2018ರಲ್ಲಿ ಅದನ್ನು ಮುಚ್ಚಿದ್ದು, 2022ರಲ್ಲಿ ತೆರೆದದ್ದು, "ನಾವು ಹೋದದ್ದು ಅದಕ್ಕೂ ಮುಂಚೆ, ಇವ್ರೇ." ನನ್ನ ಹೆಸರು ಅವರಿಗೆ ಗೊತ್ತಿದೆ. ಆದರೂ ನಾನು ಇವ್ರೇ.

ಇಂಥವರ ಜತೆ ಮುರುಡೇಶ್ವರಕ್ಕೆ ಹೋದೆವು. ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗಿ, ಸ್ನಾರ್ಕೆಲಿಂಗ್ ಮಾಡಿ, ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸು ಬರುವುದೆಂದು ಮಕ್ಕಳು ಹಟ ಹಿಡಿದಿದ್ದರು. ಪುನೀತ್ ರಾಜ್‌ಕುಮಾರ್ 'ಗಂಧದ ಗುಡಿ'ಯಲ್ಲಿ ಅಲ್ಲಿನ ನೀರಿಗಿಳಿದ ಮೇಲೆ ನಮ್ಮ ಮನೆಯ ಮಕ್ಕಳಿಗೆ ಅದು ಹೆಚ್ಚುಕಡಿಮೆ ತೀರ್ಥಕ್ಷೇತ್ರ. ಹಿಂದಿನ ದಿನ ಸಂಜೆ ಗೋಪುರದ ಲಿಫ್ಟಿನಲ್ಲಿ ಮೇಲೇರಿ, 123 ಅಡಿಯ ಶಿವನ ಹಿಂದೆ ಹರಡಿದ ಕಡಲನ್ನು ನೋಡುತ್ತಿದ್ದೆವು. ಎಲ್ಲರೂ ಒಂದು ನಿಮಿಷ ಸುಮ್ಮನಾದರು. ಭಾವ ಹೇಳಿದರು: "ಅಂಡಮಾನ್‌ನಲ್ಲಿ ಬಣ್ಣವೇ ಬೇರೆ."

ಅಲ್ಲಿಂದ ಪಾಠ ಶುರುವಾಯಿತು. ರಾತ್ರಿ ಎಣ್ಣೆ ಪದಾರ್ಥ ಬೇಡ. ಬೆಳಗ್ಗೆ ಹೊಟ್ಟೆ ಖಾಲಿ ಇರಬಾರದು, ತುಂಬಿಯೂ ಇರಬಾರದು. ಎರಡು ಇಡ್ಲಿ, ಚಟ್ನಿ ಸಾಕು, ಸಾಂಬಾರು ಬೇಡ. ಅವೋಮಿನ್ ಮಾತ್ರೆಯನ್ನು ದೋಣಿ ಹತ್ತುವ ಮುಂಚೆಯೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ದೋಣಿಯಲ್ಲಿ ಮಧ್ಯದಲ್ಲಿ ಕೂರಬೇಕು, ಮೊಬೈಲ್ ನೋಡಬಾರದು, ನೀರೂ ಆಕಾಶವೂ ಕೂಡುವ ಗೆರೆಯನ್ನೇ ನೋಡುತ್ತಿರಬೇಕು. ನಾನು ಮೂರು ಇಡ್ಲಿ, ಒಂದು ವಡೆ ತಿಂದೆ. ವಡೆ ಸಾಂಬಾರಿನಲ್ಲಿ ಮುಳುಗಿತ್ತು. ಮಾತ್ರೆ ಬೇಡ ಎಂದೆ. ದೋಣಿಯ ಮೂತಿಯಲ್ಲೇ ಜಾಗ ಹಿಡಿದೆ. ನಲವತ್ತು ನಿಮಿಷದಲ್ಲಿ ಭಾವ ಹೇಳಿದ ಅಷ್ಟೂ ವಾಕ್ಯಗಳು ನನ್ನ ಮೇಲೆ ಸಾಬೀತಾದವು.

ಭಾವನ ಮೇಲೆ ನನಗಿರುವ ದೂರು ಇದೇ. ತಪ್ಪು ಹೇಳುವ ಸರ್ವಜ್ಞರನ್ನು ಸಹಿಸಬಹುದು, ಅವರು ಮುಗ್ಗರಿಸುವ ದಿನ ಕಾಯುತ್ತ ಆಯುಷ್ಯ ಕಳೆಯಬಹುದು. ಯಾವಾಗಲೂ ಸರಿಯಾಗಿರುವವರನ್ನು ಏನು ಮಾಡುವುದು? ಅಡ್ಡಕ್ಕೆ ಬಾಗಿ ನಾನು ಅರಬ್ಬೀ ಸಮುದ್ರಕ್ಕೆ ಸಾಂಬಾರು ಅರ್ಪಿಸುತ್ತಿದ್ದಾಗ ಒಂದು ಕೈ ನನ್ನ ಬೆನ್ನು ಸವರುತ್ತಿತ್ತು, ಇನ್ನೊಂದು ಕೈ ಹೆಚ್ಚಿದ ನಿಂಬೆಹಣ್ಣನ್ನು ಮೂಗಿಗೆ ಹಿಡಿದಿತ್ತು. ಕೈಗಳಷ್ಟೇ ಆಗಿದ್ದರೆ ಋಣಿಯಾಗಿರುತ್ತಿದ್ದೆ. ಜತೆಗೆ ಬಾಯಿಯೂ ಇತ್ತು. "ಮೇಲಿಂದ ನೋಡಿದ್ರೆ ನೇತ್ರಾಣಿ ಹೃದಯದ ಆಕಾರದಲ್ಲಿದೆ, ಇವ್ರೇ. ದಡದಿಂದ ಹತ್ತೊಂಬತ್ತು ಕಿಲೋಮೀಟರ್. ಹಿಂದೆ ನೌಕಾಪಡೆಯವರು ಅದರ ಮೇಲೆ ಗುರಿ ಅಭ್ಯಾಸ ಮಾಡ್ತಿದ್ರು. ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತೆ." ಕೊನೆಗೆ ತಲೆ ಎತ್ತಿದಾಗ ಎದುರಿಗಿದ್ದದ್ದು ಬಂಡೆಗಳ ಮೇಲೆ ಹಸಿರು ಹೊದ್ದ ಗುಡ್ಡ. ಹೃದಯ ಎಲ್ಲೂ ಕಾಣಲಿಲ್ಲ. ಹದ್ದು ಕಂಡಿತು.

ಇನ್ನು ಮೀಸೆಯ ಪ್ರಸಂಗ. ಇದನ್ನು ಬರೆಯಬಾರದೆಂದುಕೊಂಡಿದ್ದೆ.

ಸ್ನಾರ್ಕೆಲಿಂಗ್‌ನ ಮಾಸ್ಕು ಕಣ್ಣನ್ನೂ ಮೂಗನ್ನೂ ಸೇರಿಸಿ ಮುಚ್ಚುತ್ತದೆ. ಅದರ ಮೆದು ಅಂಚು ಮುಖಕ್ಕೆ ಸುತ್ತಲೂ ಅಂಟಿಕೊಂಡರೆ ನೀರು ಒಳಗೆ ಬರುವುದಿಲ್ಲ. ಹಣೆಯ ಮೇಲೆ, ಕೆನ್ನೆಯ ಮೇಲೆ ಅಂಟುತ್ತದೆ. ಮೂಗಿನ ಕೆಳಗೆ ಮೀಸೆ ಸಿಕ್ಕರೆ ಕೂದಲಿನ ಸಂದಿಯಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಎಲ್ಲರೂ ಮಾಸ್ಕು ಹಾಕಿಕೊಳ್ಳುತ್ತಿದ್ದಾಗ ಭಾವ ನನ್ನ ಮುಖವನ್ನು ನೋಡಿದರು. ಹಳೇ ನೋಟನ್ನು ಬೆಳಕಿಗೆ ಹಿಡಿದು ನೋಡುವ ನೋಟ ಅದು. "ಇವ್ರೇ, ನಿಮ್ಮ ಮೀಸೆ" ಎಂದರು. ಇಡೀ ದೋಣಿ ತಿರುಗಿತು. ನಮ್ಮವರಷ್ಟೇ ಅಲ್ಲ, ಹೊಸದಾಗಿ ಮದುವೆಯಾದ ಜೋಡಿಯೊಂದು, ಹುಬ್ಬಳ್ಳಿಯ ನಾಲ್ಕು ಹುಡುಗರು. "ಎರಡು ದಾರಿ ಇದೆ. ಮೂಗಿನ ಬುಡದಲ್ಲಿ ಒಂದು ಗೆರೆಯಷ್ಟು ಬೋಳಿಸಬೇಕು. ಇಲ್ಲ, ವ್ಯಾಸಲೀನ್." ಹುಬ್ಬಳ್ಳಿಯ ಹುಡುಗನೊಬ್ಬ ತನ್ನದೇ ಆಸ್ತಿ ಎಂಬಂತೆ "ಬೋಳಿಸ್ರಿ ಸರ, ಮತ್ತ ಬರ್ತೈತಿ" ಎಂದ. ನನ್ನ ಹೆಂಡತಿ ಇಪ್ಪತ್ತು ವರ್ಷದಿಂದ ಬೇಡುತ್ತಿದ್ದ ವರ ಸಮುದ್ರಮಧ್ಯದಲ್ಲಿ ಸಿಗುವಂತಿದ್ದುದರಿಂದ ಭಾವನ ಬ್ಯಾಗಿನಲ್ಲಿ ರೇಜರ್ ಇದೆಯೇ ಎಂದು ವಿಚಾರಿಸಿದಳು. ಇತ್ತು.

ವ್ಯಾಸಲೀನ್ ಗೆದ್ದಿತು. ಭಾವ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿ, ತೋರುಬೆರಳಿನಿಂದ ಮೀಸೆಯ ಎಡಗಡೆಯಿಂದ ಬಲಗಡೆಗೆ, ಕೂದಲ ಬುಡಕ್ಕೆ ಇಳಿಯುವಂತೆ ತಿಕ್ಕಿದರು. ನನ್ನ ತಾಯಿ ತೀರಿಕೊಂಡ ಮೇಲೆ ಯಾರೂ ನನ್ನ ಮುಖಕ್ಕೆ ಇಷ್ಟು ಶ್ರದ್ಧೆಯಿಂದ ಏನನ್ನೂ ಹಚ್ಚಿರಲಿಲ್ಲ. ಆ ಭಾವನೆ ಮೂಡುತ್ತಿದ್ದಂತೆ ಅವರು ಮಾಸ್ಕನ್ನು ಕೈಗೆ ಕೊಟ್ಟು "ಈಗ ಉಗೀರಿ" ಎಂದರು. ಗಾಜಿಗೆ ಒಳಗಡೆ ಉಗುಳಿ, ಉಜ್ಜಿ, ತೊಳೆದರೆ ಮಂಜು ಕಟ್ಟುವುದಿಲ್ಲವಂತೆ. ಅಷ್ಟೆಲ್ಲ ವಾಂತಿಯಾಗಿ ನನ್ನ ಬಾಯಿ ಒಣಗಿ ಹೋಗಿತ್ತು. "ನಾಚ್ಕೋಬೇಡಿ, ಉಗೀರಿ" ಎಂದು ಹುರಿದುಂಬಿಸಿದರು. ಬರಲಿಲ್ಲ. ಅವರು ಕ್ಷಣ ಯೋಚಿಸಿ, ತಗ್ಗಿದ ದನಿಯಲ್ಲಿ, "ಬೇಕಾದ್ರೆ ನಾನೇ..." ಎಂದರು.

ನಾನು ಹಾಗೇ ನೀರಿಗಿಳಿದೆ.

ಸ್ಥಳೀಯ ಹುಡುಗನೊಬ್ಬ ಪಕ್ಕದಲ್ಲೇ ತೇಲುತ್ತ "ಎಂತ ಆಗುದಿಲ್ಲ ಸರ್, ಏಣಿ ಬಿಡಿ" ಎಂದ. ಬಿಟ್ಟೆ. ಲೈಫ್ ಜಾಕೆಟ್ ಮೇಲೆತ್ತಿತು, ಮುಖ ಕೆಳಗಾಯಿತು, ಹುಟ್ಟಿದಂದಿನಿಂದ ಮೂಗಿನಲ್ಲಿ ಉಸಿರಾಡುವ ಚಾಳಿಯನ್ನು ಬಿಟ್ಟು ಬಾಯಲ್ಲಿ ಕೊಳವೆ ಕಚ್ಚಿ ಉಸಿರೆಳೆದೆ. ಮೀಸೆಯಿಂದ ಒಂದು ಹನಿಯೂ ಒಳಬರಲಿಲ್ಲ. ಗಾಜು ಮಾತ್ರ ಮಂಜಾಗತೊಡಗಿತು. ಹುಡುಗನೇ ತೊಳೆದುಕೊಟ್ಟ, ಅವನು ಉಗುಳಿದನೇ ಎಂದು ನಾನು ನೋಡಲಿಲ್ಲ. ಕೆಳಗೆ ಕಂದು ಬಂಡೆ, ಬಂಡೆಯ ಮೇಲೆ ಹವಳ, ಹಳದಿ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ. ನೀಲಿ ಹಸಿರು ಬಣ್ಣದ ಗಿಳಿಮೀನೊಂದು ಬಂಡೆಯನ್ನು ಕಚ್ಚುತ್ತಿತ್ತು. ಅದು ಹವಳ, ಕಲ್ಲು ಕಡಿದು ನುಣ್ಣಗೆ ಅರೆದು ಹಿಂದಿನಿಂದ ಮರಳು ಬಿಡುತ್ತದೆ, ಕಡಿಯುವ ಸದ್ದು ಕಿವಿಗೇ ಕೇಳಿಸುತ್ತದೆ ಎಂದು ಭಾವ ಹೇಳಿದ್ದಾಗ ನಾನು ಕಣ್ಣು ಮಿಟುಕಿಸಿ ನಕ್ಕಿದ್ದೆ. ಈಗ ಕೇಳಿಸಿತು: ಕಟ್, ಕಟ್. ಯಾವ ದಿಕ್ಕಿನಿಂದ ಎಂದು ತಿಳಿಯದಂತೆ ಎರಡೂ ಕಿವಿಯಲ್ಲಿ ಒಟ್ಟಿಗೆ. ಮೀನು ತನ್ನ ಮರಳನ್ನೂ ಬಿಟ್ಟಿತು. ಹೊಗೆಯ ಹಾಗೆ ಇಳಿದು ಹೋಯಿತು. ನೀರಿನೊಳಗೂ ಭಾವನೇ ಸರಿ.

ಸುಸ್ತಾಗಿ ತಲೆ ಎತ್ತಿದೆ. ದೋಣಿಯ ತಾಡಪಾಲಿನ ನೆರಳಲ್ಲಿ ಭಾವ ಕೂತಿದ್ದರು. ಕಿತ್ತಳೆ ಜಾಕೆಟ್ಟಿನ ಅಷ್ಟೂ ಬಕಲ್ಲು ಹಾಕಿಕೊಂಡು, ತೊಡೆಯ ಮೇಲೆ ನಮ್ಮೆಲ್ಲರ ಚೀಲ ಇಟ್ಟುಕೊಂಡು. ಪಕ್ಕದಲ್ಲಿ ತೇಲುತ್ತಿದ್ದ ಅಕ್ಕನನ್ನು ಕೇಳಿದೆ, "ಭಾವ ಇಳಿಯಲ್ವಾ?"

"ಅವರೆಲ್ಲಿ ಇಳೀತಾರೆ? ಅಂಡಮಾನ್‌ನಲ್ಲೂ ಇಳೀಲಿಲ್ಲ, ಫುಕೆಟ್‌ನಲ್ಲೂ ಇಳೀಲಿಲ್ಲ. ಸಾಮಾನು ಯಾರು ನೋಡ್ಕೋತಾರೆ ಅಂತಾರೆ" ಎಂದು ಅಕ್ಕ ಮತ್ತೆ ಮುಖ ಮುಳುಗಿಸಿದರು. ಇದು ಅವರಿಗೆ ಹೊಸ ಸುದ್ದಿಯಲ್ಲ.

ನನಗೆ ಮೊದಲು ಬಂದದ್ದು ಖುಷಿ. ಸಿಕ್ಕಿಬಿದ್ದರಲ್ಲ! ನೀರನ್ನೇ ಮುಟ್ಟದವರು ಇಷ್ಟು ವರ್ಷ ನಮಗೆ ಸಮುದ್ರ ಬೋಧಿಸಿದರಲ್ಲ! ಊಟಕ್ಕೆ ಕೂತಾಗ ಎಲ್ಲರೆದುರು ಕೇಳಬೇಕಾದ ಪ್ರಶ್ನೆಯನ್ನು ತೇಲುತ್ತಲೇ ಜೋಡಿಸಿಕೊಂಡೆ. ಆದರೆ ತೇಲುತ್ತಿರುವಾಗ ಮಾಡಲು ಬೇರೆ ಕೆಲಸವಿರುವುದಿಲ್ಲ, ಯೋಚನೆ ಮುಂದಕ್ಕೆ ಹೋಗುತ್ತದೆ. ದೋಣಿಯವರು ಸೂಚನೆ ಹೇಳುವಾಗ ನಾವೆಲ್ಲ ಹೆದರಿಕೊಂಡು ಅರ್ಧ ಕೇಳುತ್ತೇವೆ. ಇಳಿಯುವ ಯೋಚನೆಯೇ ಇಲ್ಲದವರು ಪೂರ್ತಿ ಕೇಳುತ್ತಾರೆ. ನಾವು ಕೆಳಗಿರುವಾಗ ಅವರು ದೋಣಿ ನಡೆಸುವವರ ಜತೆ ಮಾತಿಗೆ ಕೂರುತ್ತಾರೆ: ಮಧ್ಯಾಹ್ನ ಗಾಳಿ ಎದ್ದರೆ ಅಲೆ ಹೇಗೆ ಏಳುತ್ತದೆ, ಮೀಸೆಯವರಿಗೆ ಏನು ಮಾಡುತ್ತೀರಿ. ಮೇಲೆ ಬಂದವರನ್ನೆಲ್ಲ ಏನು ಕಂಡಿರಿ ಎಂದು ಕೇಳುತ್ತಾರೆ. ಗಿಳಿಮೀನಿನ ಸದ್ದನ್ನು ಅವರಿಗೆ ಹೇಳಿದ್ದು ಹ್ಯಾವ್‌ಲಾಕಿನಲ್ಲಿ ಇಳಿದಿದ್ದ ಅಕ್ಕನೇ ಇರಬೇಕು. ಈಜು ಬಾರದ, ಬಹುಶಃ ಹೆದರಿಕೆಯೂ ಇರುವ ಮನುಷ್ಯ, ಹಾಗೆಂದು ಹೇಳಿಕೊಳ್ಳದೆ, ಪ್ರತಿ ಸಲ ಎಲ್ಲರನ್ನೂ ನೀರಿಗೆ ಕಳಿಸಿ ದಡ ಕಾಯುವುದು ಸಣ್ಣ ಕೆಲಸವಲ್ಲ ಅನ್ನಿಸಿತು. ನಾನು ಜೋಡಿಸಿಕೊಂಡಿದ್ದ ಪ್ರಶ್ನೆ ಅಲ್ಲೇ ಎಲ್ಲೋ ಮುಳುಗಿತು.

ದೋಣಿ ಹತ್ತಿದ ಮೇಲೆ ಅವರ ಪುಟ್ಟ ನೋಟುಪುಸ್ತಕ ಹೊರಬಂತು. ನಾವು ಇಳಿಯುವ ಮುಂಚೆ ನೀಲಿ ಶಾಯಿಯಲ್ಲಿ ಬರೆದಿಟ್ಟಿದ್ದರು: ಕನ್ನಡಕ 3, ಮೊಬೈಲು 6, ಕರಿಮಣಿ ಸರ 2, ಉಂಗುರ 1, ಕಟ್ಟಿಸಿದ ಹಲ್ಲಿನ ಸೆಟ್ಟು 1. ಹಲ್ಲು ಯಾರದೆಂದು ಬರೆಯದಿರುವಷ್ಟು ದೊಡ್ಡತನ ಅವರಲ್ಲಿದೆ. ಒಂದೊಂದನ್ನೇ ಒರೆಸಿ ಕೊಟ್ಟು ಗುರುತು ಹಾಕಿದರು. ನನ್ನ ಉಂಗುರ ಕೊಟ್ಟು "ಎಣಿಸಿಕೊಳ್ಳಿ" ಎಂದರು. ಒಂದೇ ಉಂಗುರ. ಎಣಿಸಿಕೊಂಡೆ.

ಆಮೇಲೆ ಅವರು ಕೇಳಿದರು, "ಏನು ನೋಡಿದ್ರಿ?" ಹೇಳತೊಡಗಿದೆ. ದಡ ಹತ್ತಿರವಾಗುವವರೆಗೂ ಭಾವ ಮಧ್ಯೆ ಬಾಯಿ ಹಾಕಲಿಲ್ಲ, ಅಂಡಮಾನ್ ಎನ್ನಲಿಲ್ಲ. ಒಂದೇ ಒಂದು ತಿದ್ದುಪಡಿ: "ನೀರೊಳಗೆ ಎಲ್ಲ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತೆ, ಇವ್ರೇ. ಕಮ್ಮಿ ಮಾಡಿ ಹೇಳಿ." ಎರಡು ಗೇಣಿದ್ದ ಮೀನನ್ನು ನಾನು ಒಂದೂವರೆ ಗೇಣಿಗೆ ಇಳಿಸಿದೆ.

ಅವತ್ತು ಸಂಜೆ ವಸತಿಗೃಹದ ಜಗಲಿಯಲ್ಲಿ, ಮರುದಿನ ದೋಣಿ ಹತ್ತಲಿದ್ದ ದಾವಣಗೆರೆಯ ಕುಟುಂಬವೊಂದು ಭಾವನ ಸುತ್ತ ಕೂತಿತ್ತು. ಎರಡು ಇಡ್ಲಿ, ಅವೋಮಿನ್, ಆಕಾಶದ ಗೆರೆ ಆಗಲೇ ಮುಗಿದಿತ್ತು. "ಗಿಳಿಮೀನು ಬಂಡೆ ಕಡಿಯೋ ಸದ್ದು ಯಾವ ದಿಕ್ಕಿಂದ ಬರುತ್ತೆ ಅಂತಲೇ ಗೊತ್ತಾಗಲ್ಲ. ಎರಡೂ ಕಿವೀಲಿ ಒಟ್ಟಿಗೆ, ಕಟ್ ಕಟ್." ಅದು ಅಕ್ಷರಶಃ ನನ್ನ ಮಾತು. ನನ್ನ ಹೆಸರು ಬರಲಿಲ್ಲ. ನಾನು ಅಷ್ಟು ಕಷ್ಟಪಟ್ಟು ಇಳಿಸಿದ್ದ ಮೀನು ಎರಡು ಮೊಳಕ್ಕೆ ಬೆಳೆದಿತ್ತು. ಆ ಮನೆಯ ಯಜಮಾನರಿಗೆ ನನಗಿಂತ ದಪ್ಪ ಮೀಸೆ. ಭಾವ ಅದನ್ನೇ ನೋಡುತ್ತಿದ್ದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮುಂದಿನ ಸಲ ಲಕ್ಷದ್ವೀಪ ಎಂದು ಮನೆಯಲ್ಲಿ ಮಾತಾಗಿದೆ. ಅಲ್ಲಿಗೆ ಹೋಗಲು ಪರ್ಮಿಟ್ ಬೇಕು. ಅರ್ಜಿಯ ನಮೂನೆ ಭಾವನ ಹತ್ತಿರ ಆಗಲೇ ಇದೆ. ಅಲ್ಲಿನ ನೀರು ಕಂಡು ನಾವೆಲ್ಲ ಬಾಯಿಬಿಡುವಾಗ ಯಾರು ಏನು ಹೇಳುತ್ತಾರೆ ಎಂಬುದು ನನಗೆ ಈಗಲೇ ಗೊತ್ತು: ನೇತ್ರಾಣಿಯಲ್ಲಿ ಹೀಗಿರಲಿಲ್ಲ.

ನಿಮಗೂ ನೇತ್ರಾಣಿಗೆ ಹೋಗುವ ಮನಸ್ಸಿದ್ದರೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಅಕ್ಟೋಬರ್ ತನಕ ಕಾಯಿರಿ. ಹೆಚ್ಚಿನ ಮಾಹಿತಿ ಬೇಕಿದ್ದರೆ ಭಾವನ ನಂಬರ್ ಕೊಡುತ್ತೇನೆ. ಊಟ ಮುಗಿಸಿ, ಮೊಬೈಲ್ ಪೂರ್ತಿ ಚಾರ್ಜ್ ಮಾಡಿಕೊಂಡು ಫೋನ್ ಮಾಡಿ. ಮೀಸೆ ಇದ್ದರೆ ಹೇಳಬೇಡಿ.